ಮನೆಗೆಲ್ಲ ಒಂದೇ ರಜೆ

ವಾರದ ರಜೆಯ ದಿನ ಮಕ್ಕಳನ್ನು ಮನೆಯಲ್ಲಿ ಹೇಗೆ ತೊಡಗಿಸುವುದು? ಶಿವಮೊಗ್ಗದ ಆಲ್ಕೊಳದಲ್ಲಿ ಈ ಪ್ರಶ್ನೆ ಎರಡು ಕಡೆಯಿಂದ ಬರುತ್ತದೆ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳ ಕ್ಯಾಥೊಲಿಕರಿಗಾಗಿ 1988ರಲ್ಲಿ ಸ್ಥಾಪನೆಯಾದ ಧರ್ಮಕ್ಷೇತ್ರದ ಬಿಷಪ್ ಹೌಸ್ ಇರುವುದು ಇಲ್ಲಿಯೇ. ಕ್ರೈಸ್ತರ ಮನೆಗಳಲ್ಲಿ ಭಾನುವಾರ ದೇವರ ದಿನ. ಬಲಿಪೂಜೆ, ಧರ್ಮೋಪದೇಶದ ತರಗತಿ ಮುಗಿಸಿಕೊಂಡು ಮಕ್ಕಳು ಮನೆ ಸೇರಿದ ಮೇಲೆ ಉಳಿದ ಹೊತ್ತನ್ನು ಆ ದಿನಕ್ಕೆ ತಕ್ಕ ಹಾಗೆ ಕಳೆಯುವುದು ಹೇಗೆಂಬ ಚಿಂತೆ ಅಲ್ಲಿದೆ. ಅಕ್ಕಪಕ್ಕದ ಮನೆಗಳಿಗೆ ಅದು ಬರೀ ರಜೆ. ಶನಿವಾರ ಬೆಳಗಿನ ಶಾಲೆ ಇರುವುದರಿಂದ ಪೂರ್ತಿಯಾಗಿ ಕೈಗೆ ಸಿಗುವ ದಿನ ಅದೊಂದೇ. ಆದರೆ ಹನ್ನೊಂದು ಗಂಟೆಯ ಹೊತ್ತಿಗೆ ಎರಡೂ ಮನೆಗಳಲ್ಲಿ ಕೇಳಿಬರುವ ಮಾತು ಒಂದೇ: "ಅಮ್ಮಾ, ಬೋರ್ ಆಗ್ತಿದೆ, ಮೊಬೈಲ್ ಕೊಡು."

ಇದಕ್ಕೆ ನಾವು ಕಂಡುಕೊಂಡಿರುವ ಉತ್ತರಗಳು ಎರಡು. ಒಂದು, ಮೊಬೈಲ್ ಕೊಟ್ಟುಬಿಡುವುದು. ಇನ್ನೊಂದು, ಕ್ಲಾಸಿಗೆ ಹಾಕುವುದು: ಚಿಕ್ಕವರಿಗೆ ಅಬಾಕಸ್, ಡ್ರಾಯಿಂಗ್, ಕರಾಟೆ, ಹೈಸ್ಕೂಲಿನವರಿಗೆ ಟ್ಯೂಷನ್, ಕೋಚಿಂಗ್. ಮೊದಲನೆಯದನ್ನು ಬೈದುಕೊಂಡು ಕೊಡುತ್ತೇವೆ, ಎರಡನೆಯದಕ್ಕೆ ಹೆಮ್ಮೆಯಿಂದ ದುಡ್ಡು ಕಟ್ಟುತ್ತೇವೆ. ಎರಡರ ಫಲ ಮಾತ್ರ ಒಂದೇ. ಮಗು ಮನೆಯವರ ಜೊತೆಯಿಂದ ಆಚೆ ಸರಿಯುತ್ತದೆ, ದೊಡ್ಡವರು ತಮ್ಮ ಕೆಲಸಕ್ಕೆ ಮರಳುತ್ತಾರೆ. ರಜೆಯ ದಿನ ಮಕ್ಕಳಿಂದ ಏನು ಮಾಡಿಸಬೇಕು ಎಂದು ಕೇಳುವ ಮೊದಲು, ಆ ದಿನ ಮನೆಯಲ್ಲಿ ಯಾರು ಯಾರಿಗೆ ರಜೆ ಇದೆ ಎಂದು ಕೇಳಬೇಕು ಎಂಬುದು ನನ್ನ ವಾದ. ಮಕ್ಕಳ ರಜೆ ಹಸನಾಗುವುದು ಇಡೀ ಮನೆ ಒಟ್ಟಿಗೆ ಬಿಡುವು ಪಡೆದಾಗ. ಹಾಗೆ ಬಿಡುವು ಸಿಗಬೇಕಾದರೆ ಮನೆಗೆಲಸಕ್ಕೆ ಮಕ್ಕಳ ಕೈಯೂ ಸೇರಬೇಕು.

ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತಿನ ಮೂಲ ಆಜ್ಞೆಯನ್ನೇ ನೋಡೋಣ. ಬೈಬಲಿನ ವಿಮೋಚನಕಾಂಡದ 20ನೇ ಅಧ್ಯಾಯದಲ್ಲಿ ಅದು ಒಬ್ಬೊಬ್ಬರ ಸ್ವಂತ ವ್ರತದಂತೆ ಬಂದಿಲ್ಲ. ಯಾರು ಯಾರು ಕೆಲಸ ಬಿಡಬೇಕೆಂಬ ಪಟ್ಟಿಯೇ ಅಲ್ಲಿದೆ: ಮನೆಯ ಯಜಮಾನ, ಅವನ ಮಗ, ಮಗಳು, ಗಂಡಾಳು, ಹೆಣ್ಣಾಳು, ದನಕರು, ಊರಲ್ಲಿ ಬಂದು ನೆಲೆಸಿದ ಪರಸ್ಥಳದವನು. ಆಳನ್ನು ದುಡಿಸಿಕೊಂಡು ಯಜಮಾನ ವಿಶ್ರಮಿಸಿದರೆ ಅದು ವಿಶ್ರಾಂತಿಯ ದಿನ ಎನಿಸುವುದಿಲ್ಲ. ಎತ್ತನ್ನೂ ನೆನೆದ ಆ ಪಟ್ಟಿಯಲ್ಲಿ ಹೆಂಡತಿಯ ಉಲ್ಲೇಖ ಮಾತ್ರ ಇಲ್ಲ. ಯಜಮಾನನಿಗೆ ಹೇಳಿದ ಮಾತಿನಲ್ಲೇ ಆಕೆಯೂ ಸೇರಿದ್ದಾಳೆ ಎಂದು ವ್ಯಾಖ್ಯಾನಕಾರರು ಅರ್ಥ ಮಾಡಿದ್ದಾರೆ. ನಮ್ಮ ಮನೆಗಳಲ್ಲಿ ಆಕೆ ಇನ್ನೂ ಸೇರಿಲ್ಲ.

ನಮ್ಮ ನೆಲದ ಪದ್ಧತಿಗಳಲ್ಲೂ ಇದೇ ಕತೆ. ಸೋಮವಾರ ಬಸವನ ವಾರವೆಂದು ಎತ್ತು ಹೂಡದ ಊರುಗಳು ಕರ್ನಾಟಕದ ಉದ್ದಗಲಕ್ಕೂ ಇದ್ದವು, ಎತ್ತುಗಳಿದ್ದಲ್ಲಿ ಈಗಲೂ ಇವೆ. ಮಲೆನಾಡಿನ ಭೂಮಿ ಹುಣ್ಣಿಮೆಯಲ್ಲಿ ಫಸಲು ಹೊತ್ತ ಗದ್ದೆಯನ್ನು ಬಸುರಿಯೆಂದು ಕಂಡು ಬಯಕೆ ಊಟ ಬಡಿಸುತ್ತಾರೆ. ಎತ್ತಿಗೆ ಬಿಡುವು ಕೊಟ್ಟವರು, ಭೂಮಿಗೆ ಸೀಮಂತ ಮಾಡಿದವರು ನಾವು. ಆದರೆ ಆ ಹಬ್ಬದ ಹಿಂದಿನ ರಾತ್ರಿ ಒಲೆ ಮುಂದೆ ಕಣ್ಣುಮುಚ್ಚದೆ ಕೂತವಳಿಗೆ ಯಾವ ವಾರವನ್ನೂ ಮೀಸಲಿಟ್ಟಿಲ್ಲ.

ಭಾನುವಾರದ ರಜೆ ನಮಗೆ ಪುಕ್ಕಟೆ ಬಂದದ್ದೂ ಅಲ್ಲ. ಮುಂಬೈಯ ಗಿರಣಿ ಕೆಲಸಗಾರರಿಗಾಗಿ ಜ್ಯೋತಿಬಾ ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆ ವರ್ಷಗಟ್ಟಲೆ ಹೋರಾಡಿದ ಮೇಲೆ 1890ರ ಜೂನ್ 10ರಂದು ಗಿರಣಿ ಮಾಲೀಕರು ವಾರದ ರಜೆಗೆ ಒಪ್ಪಿದರು. 1948ರ ಕಾರ್ಖಾನೆ ಕಾಯಿದೆ ಅದನ್ನು ದೇಶದ ಕಾನೂನಿನಲ್ಲಿ ಗಟ್ಟಿ ಮಾಡಿತು. ಭಾನುವಾರ ದುಡಿಸಿದರೆ ಅದರ ಹಿಂದಿನ ಅಥವಾ ಮುಂದಿನ ಮೂರು ದಿನದೊಳಗೆ ಬದಲಿ ರಜೆ ಕೊಡಬೇಕೆಂದಿತು. ಮಕ್ಕಳ ವಿಶ್ರಾಂತಿ, ಬಿಡುವು, ಆಟಗಳನ್ನು ಹಕ್ಕೆಂದು ಸಾರಿದ 1989ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ದುಡಿಯುವ ಗಂಡಸಿಗೆ ರಜೆ ಬಂತು, ಮಗುವಿಗೆ ಕಾಗದದ ಮೇಲಾದರೂ ಬಂತು, ಮನೆಯ ಹೆಂಗಸಿಗೆ ಮಾತ್ರ ಬರಲಿಲ್ಲ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ಅದರಲ್ಲಿ ಕಳೆಯುತ್ತಿದ್ದರು, ಗಂಡಸರು 97 ನಿಮಿಷ. ಇದು ಕೆಲಸಕ್ಕೆ ಕೈಹಾಕುವ ಗಂಡಸರ ಲೆಕ್ಕ. ಆರು ವರ್ಷ ತುಂಬಿದ ಗಂಡಸರಲ್ಲಿ ಕೈಹಾಕುತ್ತಿದ್ದವರೇ ನೂರಕ್ಕೆ 26. ಭಾನುವಾರ ಬಂತೆಂದರೆ ಮನೆಯಾಕೆಯ ಕೆಲಸ ಹೆಚ್ಚುತ್ತದೆ: ದೋಸೆ ಒಬ್ಬೊಬ್ಬರಿಗೆ ಬಿಸಿಬಿಸಿ ಆಗಬೇಕು, ಮಧ್ಯಾಹ್ನಕ್ಕೆ ಕೋಳಿಸಾರು, ಅಕ್ಕಿ ರೊಟ್ಟಿ, ವಾರದ ಬಟ್ಟೆ, ಬಂದ ನೆಂಟರು. ಶಿವಮೊಗ್ಗ ಬಳಿಯ ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಆರು ದಿನ ಹೋಗಿಬರುವ ತಾಯಿಗೆ ಏಳನೆಯ ದಿನವೇ ಹೆಚ್ಚು ದಣಿವಿನ ದಿನ. ಅಂಥ ಮನೆಯಲ್ಲಿ ಮಗುವಿನ ಕೈಗೆ ಮೊಬೈಲ್ ಹೋಗುವುದಕ್ಕೆ ತಾಯಿಯನ್ನು ದೂರುವುದು ಅನ್ಯಾಯ. ಆಕೆಗೆ ಬೇರೆ ಕೈಗಳನ್ನು ನಾವು ಕೊಟ್ಟಿಲ್ಲ.

ಹಾಗಾದರೆ ಮಕ್ಕಳನ್ನು ಕಟ್ಟುನಿಟ್ಟಿನಲ್ಲಿ ಕೂರಿಸಿ ದಿನದ ಘನತೆ ಕಾಪಾಡಬಹುದೇ? ಆ ದಾರಿಯನ್ನೂ ಜನ ನೋಡಿದ್ದಾರೆ. ಅಮೆರಿಕದ ಲಾರಾ ಇಂಗಲ್ಸ್ ವೈಲ್ಡರ್ 1932ರಲ್ಲಿ ಪ್ರಕಟಿಸಿದ ತಮ್ಮ ಬಾಲ್ಯದ ಕಥನದಲ್ಲಿ ಹಳೆಯ ಕಾಲದ ಒಂದು ಭಾನುವಾರದ ಕತೆ ಹೇಳುತ್ತಾರೆ. ಅವರ ಅಜ್ಜ ಹುಡುಗನಾಗಿದ್ದಾಗ ಭಾನುವಾರ ಆಡುವಂತಿಲ್ಲ, ಜೋರಾಗಿ ನಗುವಂತಿಲ್ಲ. ಅಣ್ಣತಮ್ಮಂದಿರು ಸೇರಿ ಮಾಡಿದ ಹೊಸ ಜಾರುಬಂಡಿ ಶನಿವಾರವಷ್ಟೇ ಮುಗಿದಿತ್ತು. ಅಪ್ಪ ನಿದ್ದೆಹೋದಾಗ ಒಂದೇ ಒಂದು ಸಲ ಎಂದು ಗುಡ್ಡದಿಂದ ಸದ್ದಿಲ್ಲದೆ ಜಾರಿದರು. ದಾರಿಗೆ ಅಡ್ಡ ಬಂದ ಹಂದಿಯೊಂದು ಬಂಡಿಯ ಮೇಲೇ ಕುಕ್ಕರಿಸಿ, ಕಿರುಚುತ್ತಾ ಮನೆಯ ಮುಂದೆ ಅವರೊಡನೆ ಹಾದುಹೋಯಿತು. ಬಾಗಿಲಲ್ಲಿ ಅಪ್ಪ ನಿಂತಿದ್ದ. ಹೊತ್ತು ಮುಳುಗಿ ಪವಿತ್ರ ದಿನ ಮುಗಿಯುವವರೆಗೆ ಕಾದು, ಆಮೇಲೆ ಒಬ್ಬೊಬ್ಬರಿಗೂ ಏಟು ಕೊಟ್ಟ. ಆ ಮಕ್ಕಳ ನೆನಪಿನಲ್ಲಿ ಉಳಿದದ್ದು ಹಂದಿ ಮತ್ತು ಏಟು. ಬೇಡಗಳಿಂದಲೇ ಕಟ್ಟಿದ ದಿನವನ್ನು ಮಗು ಪ್ರೀತಿಸಲಾರದು. ಇಂದು ಭಾನುವಾರ ಬೆಳಗ್ಗೆಯಿಂದ ಸಂಜೆವರೆಗೆ ಕೋಚಿಂಗ್ ಬೆಂಚಿನ ಮೇಲೆ ಕೂರುವ ಹುಡುಗನ ಪಾಡೂ ಬೇರೆಯಲ್ಲ. ಕೂರಿಸುವ ದೇವರು ಮಾತ್ರ ಬದಲಾಗಿದ್ದಾನೆ.

ಯೆಹೂದಿ ಮನೆಗಳ ಸಬ್ಬತ್ತಿನಿಂದ ಕಲಿಯುವುದು ಬೇರೊಂದಿದೆ. ಅಲ್ಲಿ ಶುಕ್ರವಾರ ಹೊತ್ತು ಮುಳುಗುವ ಮುನ್ನವೇ ಅಡುಗೆ ಮುಗಿದಿರಬೇಕು, ಮನೆ ಓರಣವಾಗಿರಬೇಕು. ಊಟದ ಮೇಜಿನ ಬಳಿ ತಂದೆತಾಯಿ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹರಸುತ್ತಾರೆ. ಅಂದರೆ ವಿಶ್ರಾಂತಿ ಎಂಬುದು ಹಿಂದಿನ ದಿನದಿಂದಲೇ ಸಿದ್ಧಪಡಿಸಬೇಕಾದ ಸಂಗತಿ. ಮಕ್ಕಳಿಗೆ ಅರ್ಥಪೂರ್ಣವಾದ ಕೆಲಸ ಸಿಗುವುದೂ ಈ ಸಿದ್ಧತೆಯಲ್ಲಿಯೇ.

ಇದನ್ನು ನಮ್ಮ ಅಡುಗೆಮನೆಗೆ ತಂದರೆ ಹೀಗಾಗುತ್ತದೆ. ಶನಿವಾರ ಮಧ್ಯಾಹ್ನ ಶಾಲೆಯಿಂದ ಬಂದ ಮಗು ಅಕ್ಕಿ, ಉದ್ದು ಅಳೆದು ನೆನೆಹಾಕಲಿ, ಮೆಂತ್ಯವನ್ನು ಮರೆಯದಿರಲಿ. ಸಂಜೆ ರುಬ್ಬಿದ ಹಿಟ್ಟು ಬೆಳಗ್ಗೆ ಪಾತ್ರೆಯ ಅಂಚಿಗೆ ಉಕ್ಕಿ ಬಂದದ್ದನ್ನು ಮುಚ್ಚಳ ತೆಗೆದು ಮೊದಲು ನೋಡುವವರೂ ಅವರೇ ಆಗಲಿ. ಹುದುಗು ಏನೆಂದು ಆಗ ಅವರೇ ಕೇಳುತ್ತಾರೆ. ಐದು ವರ್ಷದ ಮಗು ಕರಿಬೇವಿನ ಎಲೆ ಬಿಡಿಸಬಲ್ಲದು. ಎಂಟರ ಹುಡುಗ ನೆನೆಹಾಕಿದ ಅವರೆಕಾಳನ್ನು ಹಿತುಕಬಲ್ಲ: ಬೆರಳ ತುದಿಯಲ್ಲಿ ಒತ್ತಿದರೆ ಕಾಳು ಸಿಪ್ಪೆಯಿಂದ ಚಿಮ್ಮಿ ತಟ್ಟೆಯಾಚೆ ಹಾರುತ್ತದೆ, ಹಾರಿದ್ದನ್ನು ಹುಡುಕುವುದರಲ್ಲೇ ಅರ್ಧ ಆಟ. ಹನ್ನೆರಡಾದವರು ತೆಂಗಿನಕಾಯಿ ತುರಿಯಬಹುದು, ಅನ್ನಕ್ಕೆ ನೀರಿನ ಅಳತೆ ಕಲಿಯಬಹುದು, ಒಗೆದ ಬಟ್ಟೆ ಹರವಿ ಮಡಿಸಬಹುದು. ಮಕ್ಕಳ ಕೈಗೆ ಹೋದ ಕೆಲಸ ನಿಧಾನವಾಗುತ್ತದೆ, ಒಂದಷ್ಟು ಚೆಲ್ಲುತ್ತದೆ. ದೊಡ್ಡವರು ತಾಳಬೇಕು. ಇಲ್ಲಿ ಎಚ್ಚರ ಬೇಕಾದದ್ದು ಇನ್ನೊಂದಕ್ಕೆ. "ಮಕ್ಕಳು ಕೈಜೋಡಿಸಲಿ" ಎಂದ ಕೂಡಲೇ ಮಗಳ ಕೈಗೆ ಪೊರಕೆ, ಮಗನ ಕೈಗೆ ಕ್ರಿಕೆಟ್ ಬ್ಯಾಟು ಹೋಗುವ ಮನೆಗಳು ಬಹಳ. ಹಾಗಾದರೆ ತಾಯಿಯ ಹೊರೆ ಮುಂದಿನ ತಲೆಮಾರಿನ ಹೆಣ್ಣಿಗೆ ದಾಟಿತು ಅಷ್ಟೇ. ಮೊದಲು ಅಪ್ಪ, ಅವರ ಹಿಂದೆಯೇ ಮಗ ಅಡುಗೆಮನೆ ಹೊಗಬೇಕು. ಅಪ್ಪ ಪಾತ್ರೆ ತೊಳೆಯುವುದನ್ನು ಕಂಡ ಹುಡುಗನಿಗೆ ಸಮಾನತೆಯ ಪಾಠವನ್ನು ಬೇರೆಯಾಗಿ ಹೇಳಬೇಕಿಲ್ಲ.

ಹೀಗೆ ಕೆಲಸ ಹಂಚಿಕೊಂಡ ಮನೆಯಲ್ಲಿ ಮಧ್ಯಾಹ್ನದ ಹೊತ್ತಿಗೆ ಎಲ್ಲರ ಕೈ ಖಾಲಿ. ಆಗ ಆಟ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ನಮ್ಮೂರ ಮಳೆ ಮಕ್ಕಳನ್ನು ಒಳಗೇ ಕೂರಿಸುತ್ತದೆ. ಮಲೆನಾಡಿನವರು ಅದಕ್ಕೆಂದೇ ಅಳಗುಳಿ ಮಣೆ, ಚೌಕಾಬಾರ, ಹುಲಿಕುರಿ ಆಟಗಳನ್ನು ಉಳಿಸಿಕೊಂಡು ಬಂದಿದ್ದರು. ಅಳಗುಳಿ ಮಣೆಯಲ್ಲಿ ಆಟಗಾರನಿಗೆ ಏಳರಂತೆ 14 ಗುಳಿ. ಗುಳಿಗೆ ನಾಲ್ಕು ಹುಣಸೆಬೀಜ ಹಾಕಿದರೆ ಒಟ್ಟು 56. ಒಂದು ಗುಳಿಯದನ್ನೆಲ್ಲ ಬಾಚಿ ಮುಂದಿನ ಗುಳಿಗಳಿಗೆ ಒಂದೊಂದಾಗಿ ಬಿಡುತ್ತಾ ಹೋಗಬೇಕು. ಕೈ ಬರಿದಾದಾಗ ಮುಂದಿನ ಗುಳಿಯದನ್ನು ಎತ್ತಿಕೊಳ್ಳಬೇಕು. ಆ ಗುಳಿ ಖಾಲಿಯಿದ್ದರೆ ಅದನ್ನು ಸವರಿ, ಅದರಾಚೆಯ ಗುಳಿಯ ಬೀಜ ಗೆದ್ದುಕೊಳ್ಳಬೇಕು. ಎಲ್ಲಿಂದ ಎತ್ತಿದರೆ ಎಲ್ಲಿ ಕೈ ಬರಿದಾಗುತ್ತದೆಂದು ಮೊದಲೇ ಕಾಣುವ ಅಜ್ಜಿಯ ಎದುರು ಮೂರು ಭಾನುವಾರ ಸೋತ ಹುಡುಗಿ ನಾಲ್ಕನೆಯದಕ್ಕೆ ಮನಸ್ಸಿನಲ್ಲೇ ಎಣಿಸಲು ಕಲಿತಿರುತ್ತಾಳೆ. ಕ್ರೈಸ್ತರ ಮನೆಯಲ್ಲಿ ಇದೇ ಹೊತ್ತಿಗೆ ಬೆಳಗ್ಗೆ ಕೇಳಿದ ಶುಭಸಂದೇಶದ ಕತೆಯನ್ನು ಮಕ್ಕಳೇ ಮತ್ತೆ ಹೇಳಲಿ, ಅಭಿನಯಿಸಲಿ. ಹಾಸಿಗೆ ಹಿಡಿದ ನೆರೆಯವರಿಗೆ ಒಂದು ಡಬ್ಬಿ ಸಾರು ಕೊಟ್ಟುಬರಲಿ. ಇದೆಲ್ಲ ಮುಗಿದ ಮೇಲೂ ಹೊತ್ತು ಉಳಿದರೆ ಉಳಿಯಲಿ. ಏನೂ ಮಾಡದೆ ಕಿಟಕಿಯ ಬಳಿ ಕೂತ ಮಗುವನ್ನು ಕಂಡು ಗಾಬರಿಯಾಗಬೇಕಿಲ್ಲ. ಬೇಸರ ಬಂದ ಮಗು ಸ್ವಲ್ಪ ಹೊತ್ತಿನಲ್ಲಿ ತನ್ನದೇ ಆಟ ಹುಟ್ಟಿಸಿಕೊಳ್ಳುತ್ತದೆ. ಬೇಸರ ಬರುವ ಮುನ್ನವೇ ಮೊಬೈಲ್ ಕೊಟ್ಟರೆ ಆ ಶಕ್ತಿ ಬೆಳೆಯುವುದಿಲ್ಲ. ಮೊಬೈಲಿಗೆ ರಜೆ ಎಂದರೆ ಅಪ್ಪನ ವಾಟ್ಸಾಪಿಗೂ ರಜೆ. ಮಕ್ಕಳಿಗೊಂದು ನ್ಯಾಯ ದೊಡ್ಡವರಿಗೊಂದು ನ್ಯಾಯ ನಡೆಯದು.

ಎರಡು ಆಕ್ಷೇಪಗಳಿಗೆ ಉತ್ತರಿಸಬೇಕು. ಎಸ್‌ಎಸ್‌ಎಲ್‌ಸಿ, ಪಿಯುಸಿ ಮುಂದಿರುವಾಗ ಇಡೀ ದಿನ ಬಿಟ್ಟರೆ ಮಗು ಹಿಂದೆ ಬೀಳುವುದಿಲ್ಲವೇ ಎಂಬುದು ಒಂದು. ಈ ಭಯ ಸುಳ್ಳಲ್ಲ. ಮಕ್ಕಳ ಬದುಕು ಅಂಕದ ಮೇಲೆ ನಿಂತಿದೆಯೆಂದು ನಂಬಿದ ಪೋಷಕರನ್ನು ಹಗುರವಾಗಿ ಕಾಣಲಾಗದು. ಆದರೆ ಆರು ದಿನದ ದುಡಿಮೆಯನ್ನು ಹೊರಲು ಏಳನೆಯ ದಿನದ ಬಿಡುವು ಬೇಕೆಂಬುದನ್ನು ದೇಹ ದುಡಿಸುವ ಗಿರಣಿಯವರೇ ಒಪ್ಪಿದ್ದಾರೆ. ತಲೆ ದುಡಿಸುವ ನಾವು ಒಪ್ಪದಿರಲು ಕಾರಣವಿಲ್ಲ. ಎಲ್ಲ ಮನೆಗೂ ಭಾನುವಾರ ಒಟ್ಟಿಗೆ ಸಿಗುವುದಿಲ್ಲವಲ್ಲ ಎಂಬುದು ಎರಡನೆಯದು. ನಿಜ. 1923ರಲ್ಲಿ ಉತ್ಪಾದನೆ ಶುರುವಾದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಂಥ ಕಡೆ ಊದುಕುಲುಮೆಯನ್ನು ಭಾನುವಾರವೆಂದು ಆರಿಸುವಂತಿರಲಿಲ್ಲ. ಪಾಳಿಯವರ ರಜೆ ವಾರದ ಯಾವ ದಿನಕ್ಕೂ ಬೀಳಬಹುದು. ಹೋಟೆಲಿನವರಿಗೆ, ನರ್ಸುಗಳಿಗೆ, ಬಸ್ಸಿನವರಿಗೂ ಇದೇ ಪಾಡು. ಅಂಥವರಿಗೆ ಕಾಯಿದೆಯ ಬದಲಿ ರಜೆಯ ತತ್ವವೇ ದಾರಿ: ಇಡೀ ದಿನ ಸಿಗದಿದ್ದರೆ ವಾರದಲ್ಲಿ ಒಂದು ಸಂಜೆ, ಅದು ಯಾವ ದಿನದ್ದಾದರೂ ಸರಿ, ಮನೆಯವರೆಲ್ಲ ಸೇರಿ ನಿಗದಿ ಮಾಡಿಕೊಂಡು ಬಿಡದೆ ಪಾಲಿಸಲಿ.

ಮಕ್ಕಳನ್ನು ತೊಡಗಿಸುವ ಜಾಣ ಉಪಾಯಗಳಿಗಾಗಿ ನಾವು ಬಹಳ ಹುಡುಕುತ್ತೇವೆ. ಅದಕ್ಕಿಂತ ಸರಳವಾದ, ಕಷ್ಟವೂ ಆದ ಒಂದು ಪರೀಕ್ಷೆಯನ್ನು ಪ್ರತಿ ಮನೆಯೂ ತನಗೆ ತಾನೇ ಒಡ್ಡಿಕೊಳ್ಳಬಹುದು. ಮುಂದಿನ ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಅಮ್ಮ ಎಲ್ಲಿದ್ದಾರೆ? ಮಕ್ಕಳ ಜೊತೆ ಕೂತಿದ್ದರೆ ಆ ಮನೆಯಲ್ಲಿ ಮಕ್ಕಳನ್ನು ಹೇಗೆ ತೊಡಗಿಸುವುದೆಂಬ ಪ್ರಶ್ನೆ ಬಹುಪಾಲು ಬಗೆಹರಿದಂತೆ. ಇನ್ನೂ ಸಿಂಕಿನ ಮುಂದೆಯೇ ನಿಂತಿದ್ದರೆ, ಮಕ್ಕಳಿಗೆ ಹೊಸ ಕ್ಲಾಸು ಹುಡುಕುವ ಮೊದಲು ಮನೆಯ ಗಂಡಸರು ಎದ್ದು ಅಲ್ಲಿಗೆ ಹೋಗಬೇಕು, ಮಕ್ಕಳನ್ನೂ ಕರೆದುಕೊಂಡು.