ನೆಲವೇ ಡೊಂಕಾದರೆ?

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ನೆಲ ನಿಜಕ್ಕೂ ಡೊಂಕಿದೆಯೇ ಎಂದು ನೋಡಿದವರುಂಟೇ? ಟೊಮ್ಯಾಟೊ ಜಜ್ಜಿಹೋದರೆ ಬೈಗುಳ ನಮ್ಮ ಕೈಗೆ. ಚಾಕುವನ್ನು ಉಜ್ಜಿದ ಯಂತ್ರಕ್ಕಲ್ಲ.

ಈಗ ಚಾಕು ಮಾಡುವವರಲ್ಲಿ ಅನೇಕರು ಬೆಲ್ಟ್ ಗ್ರೈಂಡರ್ ಇಟ್ಟುಕೊಳ್ಳುತ್ತಾರೆ. 2 ಇಂಚು ಅಗಲ, 72 ಇಂಚು ಉದ್ದದ, ಮರಳುಕಾಗದದಂಥ ಪಟ್ಟಿ ಗಾಲಿಗಳ ಮೇಲೆ ಓಡುತ್ತದೆ. ಮಾರುವವರು ಹೊಗಳುವುದು ಮೋಟಾರಿನ ಬಲವನ್ನು, ಜೊತೆಗೆ ಜೋಡಿಸುವ ಬಗೆಬಗೆಯ ಗಾಲಿಗಳನ್ನು. ನಾನಾದರೆ ಮೊದಲು ಕೇಳುವುದು: ವೇಗ ತಗ್ಗಿಸಲು ಬರುತ್ತದೆಯೇ? ಹದಗೊಳಿಸಿದ ಕಾರ್ಬನ್ ಉಕ್ಕಿನ ತೆಳು ಅಂಚು ಸುಮಾರು 300 ಡಿಗ್ರಿ ಸೆಲ್ಸಿಯಸ್ ಕಾದರೆ ನೀಲಿಗಟ್ಟುತ್ತದೆ, ಗಡಸುತನ ಇಳಿಯುತ್ತದೆ. ಪಾಲಿಶ್ ಹಾಕಿದರೆ ನೀಲಿ ಅಳಿಯುತ್ತದೆ. ಹೋದ ಹದ ಮರಳುವುದಿಲ್ಲ. ಹೊಳೆಯುವ ಆ ಅಲಗು ನಮ್ಮ ಮನೆಗೆ ಬರುತ್ತದೆ, ಬೇಗನೆ ಮೊಂಡಾಗುತ್ತದೆ.

ವೇಗದ ಹಿಡಿತ, ಪಟ್ಟಿಯ ಹಿಂದೆ ಸಮತಟ್ಟಾದ ಆಸರೆ, ಅಲಗು ಊರಲು ಒಂದು ಕಟ್ಟೆ, ಮತ್ತೆಮತ್ತೆ ಅದ್ದಲು ಬಕೆಟ್ ನೀರು, ದೂಳಿಗೆ ಮುಖವಾಡ: ಮೊದಲಿಗೆ ಇಷ್ಟು ಸಾಕು. ಬಗೆಬಗೆಯ ಗಾಲಿಗಳು ಆಮೇಲೆ ಬರಲಿ.

"ಗಂಡಸರ ಕಸುಬು, ನಿಮಗೇಕೆ?" ಎನ್ನುವವರಿದ್ದಾರೆ. ದಿನವೂ ಹೆಚ್ಚುವವರು ನಾವಲ್ಲವೇ? ಮಾಡಿದವರಿಂದಲೇ ಚಾಕು ಕೊಳ್ಳುವಾಗ ಕೇಳಿ: "ಉಜ್ಜುವಾಗ ನೀರಿಗೆ ಅದ್ದುತ್ತೀರಾ?" ಉತ್ತರ ತಡವರಿಸಿದರೆ, ಹೊಳಪಿಗೆ ಮರುಳಾಗದೆ ಮುಂದಿನ ಅಂಗಡಿಗೆ ನಡೆಯಿರಿ.