ಕಂದಾಯಕ್ಕಿದ್ದ ಕಿಸ್ತು ಕಾಲೇಜು ಫೀಗೆ ಏಕಿಲ್ಲ?

ಕರ್ನಾಟಕ ಸರ್ಕಾರದ ಉನ್ನತ ಶಿಕ್ಷಣ ಸಚಿವರೂ ರಾಜ್ಯದ ವಿಶ್ವವಿದ್ಯಾಲಯಗಳ ಸಮಕುಲಾಧಿಪತಿಗಳೂ ಆಗಿರುವವರಿಗೆ ಬಹಿರಂಗ ಪತ್ರ

ಮಾನ್ಯರೆ,

ವಿಜಯಪುರ ನಗರ, ತಿಕೋಟಾ ಮತ್ತು ಬಬಲೇಶ್ವರ ಭಾಗದ ಕುಟುಂಬಗಳು ಮಕ್ಕಳ ಪದವಿ ಶಿಕ್ಷಣಕ್ಕೆ ಕಟ್ಟುವ ಶುಲ್ಕ ಹೆಚ್ಚಾಯಿತೆಂಬ ದೂರು ಪ್ರತಿ ವರ್ಷ ಕೇಳಿಬರುತ್ತದೆ; ಅದನ್ನು ಯಾವ ತಿಂಗಳಲ್ಲಿ ಕಟ್ಟಿಸಿಕೊಳ್ಳಲಾಗುತ್ತದೆ ಎಂಬ ಪ್ರಶ್ನೆಯನ್ನು ಎತ್ತಿದವರು ವಿರಳ. ಒಣಬೇಸಾಯವನ್ನೇ ನೆಚ್ಚಿದ ಈ ಸೀಮೆಯಲ್ಲಿ ಮೊತ್ತಕ್ಕಿಂತ ತಿಂಗಳೇ ದೊಡ್ಡ ಪ್ರಶ್ನೆ ಎಂಬುದನ್ನು ಸಚಿವರ ಗಮನಕ್ಕೆ ತರುವುದು ಈ ಪತ್ರದ ಉದ್ದೇಶ.

ಪದವಿ ಪ್ರವೇಶ ಜೂನ್‌ನಿಂದ ಸೆಪ್ಟೆಂಬರ್ ನಡುವೆ ನಡೆಯುತ್ತದೆ, ಮತ್ತು ಬೋಧನಾ ಶುಲ್ಕ, ಗ್ರಂಥಾಲಯ ಮತ್ತು ಪ್ರಯೋಗಾಲಯದ ಶುಲ್ಕ, ವಿಶ್ವವಿದ್ಯಾಲಯದ ನೋಂದಣಿ ಶುಲ್ಕ ಮುಂತಾದವು ಸಾಮಾನ್ಯವಾಗಿ ಆ ದಿನಗಳಲ್ಲೇ ಒಟ್ಟಾಗಿ ಬಾಕಿ ಬೀಳುತ್ತವೆ. ಅದೇ ದಿನಗಳಲ್ಲಿ ಹೊಲದಲ್ಲಿ ಮುಂಗಾರಿ ಬಿತ್ತನೆ, ಎಡೆ ಹೊಡೆಯುವುದು, ಕಳೆ ತೆಗೆಸುವುದು ನಡೆದಿರುತ್ತದೆ. ಮನೆಯ ಹಣವೆಲ್ಲ ಬೀಜ, ಗೊಬ್ಬರ, ಕೂಲಿಯ ಕಡೆಗೆ ಹರಿದಿರುತ್ತದೆ. ಹೆಸರು ಬೆಳೆ ಬಂದರೆ ಸೆಪ್ಟೆಂಬರ್ ಹೊತ್ತಿಗೆ ಒಂದಿಷ್ಟು ಕಾಸು ಕಂಡೀತು, ಆದರೆ ಅದು ಹಿಂಗಾರಿ ಬಿತ್ತನೆಗೇ ಸಾಲುವುದು ಕಷ್ಟ. ತೊಗರಿ ರಾಶಿಯಾಗುವುದು ಡಿಸೆಂಬರ್ ಜನವರಿಯಲ್ಲಿ, ಕಡಲೆ ಮತ್ತು ಬಿಳಿಜೋಳ ಕಣಕ್ಕೆ ಬರುವುದು ಅದರ ನಂತರ. ತಿಕೋಟಾ ಭಾಗದ ದ್ರಾಕ್ಷಿ ತೋಟಗಳ ಲೆಕ್ಕವಂತೂ ಇನ್ನೂ ತಡ: ಅಕ್ಟೋಬರ್ ಚಾಟ್ನಿ, ಅಂದರೆ ಫಲಕ್ಕಾಗಿ ಬಳ್ಳಿಯನ್ನು ಸವರುವ ಕೆಲಸ, ಮುಗಿದ ಮೇಲೆ ಹಣ್ಣು ಕೈಗೆ ಬರಲು ಫೆಬ್ರುವರಿ ಮಾರ್ಚ್ ಆಗುತ್ತದೆ, ಅದನ್ನು ಶೆಡ್ಡಿನಲ್ಲಿ ಒಣಗಿಸಿ ಮಣೂಕ, ಅಂದರೆ ಒಣದ್ರಾಕ್ಷಿ, ಮಾಡಿ ಸಾಂಗ್ಲಿ, ತಾಸಗಾಂವ ಪೇಟೆಗಳಿಗೋ ಶೀತಲಗೃಹಕ್ಕೋ ಸಾಗಿಸಿದ ರೈತನಿಗೆ ಮಾರಾಟದ ಹಣ ಕೈಸೇರಲು ಮತ್ತೊಂದು ಮುಂಗಾರು ಹತ್ತಿರವಾಗಿರುತ್ತದೆ. ಮುಳವಾಡ ಮತ್ತು ತುಬಚಿ-ಬಬಲೇಶ್ವರ ಏತ ನೀರಾವರಿಗಳ ನೀರು ಕಂಡ ಬಬಲೇಶ್ವರದ ಕಡೆ ಕಬ್ಬು ಹೆಚ್ಚಿದೆ. ಕಬ್ಬು ಪೂರೈಸಿದ 14 ದಿನಗಳಲ್ಲಿ ಕಾರ್ಖಾನೆ ಹಣ ಕೊಡಬೇಕೆಂದು 1966ರ ಕಬ್ಬು ನಿಯಂತ್ರಣ ಆದೇಶವೇ ಹೇಳುತ್ತದಾದರೂ ಕಾರ್ಖಾನೆಗಳ ಹಂಗಾಮು ಆರಂಭವಾಗುವುದೇ ದೀಪಾವಳಿಯ ಆಸುಪಾಸಿನಲ್ಲಿ. ಹೀಗೆ ಹೆಸರನ್ನು ಬಿಟ್ಟು ಯಾವ ಬೆಳೆಯನ್ನು ಹಿಡಿದು ಲೆಕ್ಕ ಹಾಕಿದರೂ ಶುಲ್ಕದ ತಿಂಗಳಿಗೂ ಸುಗ್ಗಿಯ ಹಣದ ತಿಂಗಳಿಗೂ ಹಲವು ತಿಂಗಳ ಅಂತರ ಉಳಿಯುತ್ತದೆ.

ಹೊಲವಿಲ್ಲದವರ ಸ್ಥಿತಿ ಇದಕ್ಕಿಂತ ಬಿಗಿಯಾದದ್ದು. ತಾಂಡಾಗಳಿಂದ ಕಬ್ಬು ಕಡಿಯಲು ಗುಳೆ ಹೋಗುವ ಕುಟುಂಬಗಳಿಗೆ ಮುಕಾದಮ, ಅಂದರೆ ಕೂಲಿಕಾರರ ತಂಡ ಕಟ್ಟುವ ಮಧ್ಯವರ್ತಿ, ಹಂಗಾಮಿಗೆ ಮೊದಲೇ ಮುಂಗಡ ಕೊಡುತ್ತಾನೆ. ಮಗನ ಕಾಲೇಜು ಪ್ರವೇಶದ ಹಣ ಅದರಿಂದ ಹೋದರೆ ತಂದೆತಾಯಿಯ ಮುಂದಿನ ಐದಾರು ತಿಂಗಳ ದುಡಿಮೆ ಆ ರಶೀದಿಗೆ ಅಡವಾದಂತೆಯೇ. ಹೊಲವಿದ್ದವರು ಅಡತ್ತಿ ಅಂಗಡಿಯಲ್ಲಿ, ಅಂದರೆ ಮಾಲನ್ನು ಕಮಿಷನ್ ಮೇಲೆ ಮಾರಿಸಿಕೊಡುವ ದಲಾಲರ ಅಂಗಡಿಯಲ್ಲಿ, ಉದ್ರಿ ತರುತ್ತಾರೆ, ಮತ್ತು ಆ ಋಣದ ದೆಸೆಯಿಂದ ಸುಗ್ಗಿಯಲ್ಲಿ ಬೆಲೆ ಏರುವವರೆಗೆ ಮಾಲನ್ನು ಹಿಡಿದಿಟ್ಟುಕೊಳ್ಳುವ ಸ್ವಾತಂತ್ರ್ಯವನ್ನು ಕಳೆದುಕೊಳ್ಳುತ್ತಾರೆ. ಗೊಬ್ಬರಕ್ಕೆಂದರೆ ಸಹಕಾರ ಸಂಘದಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲ ಸಿಗುತ್ತದೆ, ಮಗಳ ಬಿ.ಎ. ಶುಲ್ಕಕ್ಕೆಂದರೆ ಸಿಗದು. ಶಿಕ್ಷಣ ಸಾಲವನ್ನು ಕೇಳಬಹುದಲ್ಲ ಎನ್ನುವವರು ಒಂದನ್ನು ಮರೆಯುತ್ತಾರೆ: 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ರಾಷ್ಟ್ರೀಯ ಶ್ರೇಯಾಂಕದ ಆಧಾರದ ಮೇಲೆ ಆಯ್ದ (ಆರಂಭದಲ್ಲಿ 860) ಸಂಸ್ಥೆಗಳಿಗೆ ಸೇರುವವರನ್ನು ಕುರಿತದ್ದು, ತಾಲ್ಲೂಕಿನ ಪದವಿ ಕಾಲೇಜಿನ ಶುಲ್ಕವೋ ಬ್ಯಾಂಕಿನ ದೃಷ್ಟಿಯಲ್ಲಿ ಸಾಲವೆನ್ನಿಸಿಕೊಳ್ಳಲಾರದಷ್ಟು ಚಿಕ್ಕದು, ಆಷಾಢದ ಮನೆಯಲ್ಲಿ ಹೊಂದಿಸಲಾರದಷ್ಟು ದೊಡ್ಡದು.

ಬೆಳೆಯ ತಿಂಗಳನ್ನು ನೋಡಿ ವಸೂಲಿ ಮಾಡುವುದು ಆಡಳಿತಕ್ಕೆ ಹೊಸ ವಿದ್ಯೆಯೇನಲ್ಲ. ವಿಜಯಪುರ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲದಲ್ಲಿ ಭೂಕಂದಾಯವನ್ನು ಕಿಸ್ತುಗಳಲ್ಲಿ, ಅಂದರೆ ಬೆಳೆ ಕೈಗೆ ಬರುವ ಹಂಗಾಮಿಗೆ ಹೊಂದಿಸಿ ಗೊತ್ತುಪಡಿಸಿದ ಕಂತುಗಳಲ್ಲಿ, ವಸೂಲಿ ಮಾಡಲಾಗುತ್ತಿತ್ತು. ಅದು ದಯೆಯ ಮಾತಲ್ಲ, ಲೆಕ್ಕದ ಮಾತು: ಬೆಳೆ ಬರುವ ಮೊದಲು ಕೇಳಿದರೆ ರೈತ ಸಾಹುಕಾರನ ಬಾಗಿಲಿಗೆ ಹೋಗುತ್ತಾನೆ, ಕಂದಾಯದ ಜೊತೆಗೆ ಬಡ್ಡಿಯನ್ನೂ ಹೊತ್ತ ರೈತ ಮರುವರ್ಷ ಕಂದಾಯವನ್ನೇ ಕಟ್ಟಲಾರ ಎಂಬುದು ಆಗಿನ ಅಧಿಕಾರಿಗಳಿಗೆ ತಿಳಿದಿತ್ತು. ಇಂದಿನ ರಿಸರ್ವ್ ಬ್ಯಾಂಕಿನ ನಿಯಮಗಳಲ್ಲಿಯೂ ಇದೇ ತಿಳಿವಳಿಕೆಯಿದೆ. ಕೃಷಿಯೇತರ ಸಾಲಗಳು ಸಾಮಾನ್ಯವಾಗಿ 90 ದಿನ ಬಾಕಿಯಾದರೆ ವಸೂಲಾಗದ ಸಾಲದ ಪಟ್ಟಿಗೆ ಸೇರುತ್ತವೆ, ಅಲ್ಪಾವಧಿ ಬೆಳೆಗಳ ಸಾಲಕ್ಕಾದರೆ ಎರಡು ಬೆಳೆ ಹಂಗಾಮುಗಳ ಗಡುವು. ವಿದೇಶಿ ಸರ್ಕಾರದ ಕಂದಾಯ ಇಲಾಖೆಗೂ ಸ್ವದೇಶಿ ಕೇಂದ್ರ ಬ್ಯಾಂಕಿಗೂ ಹೊಳೆದದ್ದು ಕಾಲೇಜಿನ ಕ್ಯಾಶ್ ಕೌಂಟರಿಗೆ ಹೊಳೆಯದಿರುವುದು ಸೋಜಿಗ.

ಇದೇ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೋಟಗಿಯ ಶಾಸನ ಇನ್ನೂ ಹಿಂದಕ್ಕೆ ಕರೆದೊಯ್ಯುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಕಾಲದ, ಕ್ರಿ.ಶ. 945ರ ಆ ಶಾಸನದ ಪ್ರಕಾರ, ಪಾವಿಟ್ಟಗೆ ಎಂಬ ಹೆಸರಿದ್ದ ಆ ಊರಿನಲ್ಲಿ ರಾಜನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಬೇರೆ ಬೇರೆ ಸೀಮೆಗಳ ವಿದ್ಯಾರ್ಥಿಗಳು ಬರುತ್ತಿದ್ದರು, ಅವರು ತಂಗಲು 27 ಮನೆಗಳಿದ್ದವು, ರಾತ್ರಿ ದೀಪದ ಖರ್ಚಿಗೆಂದೇ 12 ನಿವರ್ತನ ಭೂಮಿಯನ್ನು ಬಿಡಲಾಗಿತ್ತು. ನಿವರ್ತನವೆಂದರೆ ಅಂದಿನ ಭೂಮಿಯ ಒಂದು ಅಳತೆ. ಊರವರೂ ಮದುವೆಗೆ ಐದು, ಉಪನಯನಕ್ಕೆ ಎರಡೂವರೆ, ಚೌಲಕ್ಕೆ ಒಂದೂಕಾಲು ನಾಣ್ಯವನ್ನು ಶಾಲೆಗೆ ಕೊಡಲು ಒಪ್ಪಿಕೊಂಡಿದ್ದರು. ಅದು ವೇದವಿದ್ಯೆಯ ಶಾಲೆ, ಎಲ್ಲರಿಗೂ ತೆರೆದದ್ದಲ್ಲ ಎಂಬುದನ್ನು ಮರೆಮಾಚಬೇಕಿಲ್ಲ. ಆದರೆ ಅದರ ಹಣಕಾಸಿನ ಏರ್ಪಾಟಿನಲ್ಲಿರುವ ವಿವೇಕ ಗಮನಾರ್ಹ: ವಸತಿಯೂ ದೀಪವೂ ಓದಿನ ಭಾಗವೆಂದೇ ಎಣಿಕೆಯಾಗಿವೆ, ಮತ್ತು ಮನೆಯಿಂದ ಹಣ ಕೇಳುವುದು ಮನೆಯಲ್ಲಿ ಹಣ ಓಡಾಡುವ ದಿನದಂದು. ಏಳು ಶತಮಾನಗಳ ನಂತರ ವಿಜಯಪುರದ ಅಸಾರ್ ಮಹಲಿಗೆ ಹೊಂದಿಕೊಂಡಿದ್ದ ಮದರಸಾಗಳ ವಿದ್ಯಾರ್ಥಿಗಳಿಗೆ ಊಟ ಮತ್ತು ಪುಸ್ತಕಗಳನ್ನು ಉಚಿತವಾಗಿ ಒದಗಿಸಿ ಮೇಲೆ ತಿಂಗಳ ವೇತನವನ್ನೂ ಕೊಡಲಾಗುತ್ತಿತ್ತೆಂದು ಆದಿಲ್‌ಶಾಹಿ ಕಾಲದ ಶಿಕ್ಷಣವನ್ನು ಕುರಿತು ಬರೆದವರು ಹೇಳುತ್ತಾರೆ. ಹತ್ತಿರದ ಕಾಲಕ್ಕೆ ಬಂದರೆ, ವಚನ ಸಂಶೋಧಕ ಫ.ಗು. ಹಳಕಟ್ಟಿಯವರು 1910ರಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಗೂ 1912ರಲ್ಲಿ ಸಿದ್ಧೇಶ್ವರ ಸಹಕಾರಿ ಬ್ಯಾಂಕಿಗೂ ಕಾರಣರಾದದ್ದನ್ನು ಎರಡು ಬೇರೆ ಸಾಧನೆಗಳೆಂದು ಪಟ್ಟಿ ಮಾಡುವುದು ವಾಡಿಕೆ. ಓದು ಮತ್ತು ಸಾಲ ಒಂದೇ ಮನೆಯ ಎರಡು ಚಿಂತೆಗಳೆಂದು ಬಲ್ಲವರಿಗೆ ಅವೆರಡೂ ಒಂದೇ ಕೆಲಸವಾಗಿ ಕಾಣುತ್ತವೆ.

ಸರ್ಕಾರ ನೆರವು ಕೊಡುತ್ತಿಲ್ಲವೆಂದು ಈ ಪತ್ರ ಹೇಳುವುದಿಲ್ಲ. 2021ರಲ್ಲಿ ಆರಂಭವಾದ ರೈತ ವಿದ್ಯಾನಿಧಿಯಲ್ಲಿ ಸಾಮಾನ್ಯ ಪದವಿ ಓದುವ ರೈತರ ಗಂಡುಮಕ್ಕಳಿಗೆ ವರ್ಷಕ್ಕೆ 5,000, ಹೆಣ್ಣುಮಕ್ಕಳಿಗೆ 5,500 ರೂಪಾಯಿ ನಿಗದಿಯಾಯಿತು. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗಗಳ ವಿದ್ಯಾರ್ಥಿಗಳ ಊಟ ವಸತಿಗೆಂದು 2013-14ರಲ್ಲಿ ಹುಟ್ಟಿದ ವಿದ್ಯಾಸಿರಿ ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳ ಲೆಕ್ಕದಲ್ಲಿ ಶುರುವಾಯಿತು. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನದಲ್ಲಿ ಕೇಂದ್ರದ ಪಾಲು 60, ರಾಜ್ಯದ ಪಾಲು 40. ರಾಜ್ಯ ತನ್ನ ಪಾಲನ್ನು ಮೊದಲು ಬಿಡುಗಡೆ ಮಾಡಿದ ಮೇಲೆ ಕೇಂದ್ರದ ಪಾಲು ವಿದ್ಯಾರ್ಥಿಯ ಖಾತೆಗೇ ನೇರವಾಗಿ ಜಮೆಯಾಗುತ್ತದೆ. ತೊಡಕಿರುವುದು ಈ ಹಣ ಬರುವ ದಾರಿಯಲ್ಲಿ. ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದಲ್ಲಿ, ಅಂದರೆ ವಿದ್ಯಾರ್ಥಿಗಳ ಬಾಯಲ್ಲಿ ಎಸ್ಎಸ್‌ಪಿ ಎನ್ನಿಸಿಕೊಂಡಿರುವ ಅರ್ಜಿಯ ವ್ಯವಸ್ಥೆಯಲ್ಲಿ, ಜಾತಿ ಮತ್ತು ಆದಾಯ ಪ್ರಮಾಣಪತ್ರಗಳ ಮೇಲಿರುವ ಆರ್.ಡಿ. ನಂಬರು ತಾಳೆಯಾಗಬೇಕು, ದಾಖಲೆಗಳ ಇ-ದೃಢೀಕರಣವಾಗಬೇಕು, ಆಧಾರ್ ಬ್ಯಾಂಕ್ ಖಾತೆಗೆ ಜೋಡಣೆಯಾಗಿರಬೇಕು. ಅಲ್ಲದೆ ಅರ್ಜಿ ಹಾಕಬೇಕಾದರೆ ಕಾಲೇಜಿಗೆ ಪ್ರವೇಶ ಪಡೆದಿರಬೇಕು, ಪ್ರವೇಶ ಪಡೆಯಬೇಕಾದರೆ ಶುಲ್ಕ ಕಟ್ಟಿರಬೇಕು. ಹೀಗೆ ಶುಲ್ಕಕ್ಕೆಂದು ಕೊಡುವ ಹಣ ಶುಲ್ಕ ಕಟ್ಟಿ ಎಷ್ಟೋ ತಿಂಗಳಾದ ಮೇಲೆ ಬರುತ್ತದೆ, ಬಂದಾಗ ಅಡತ್ತಿಯ ಬಾಕಿಗೆ ಜಮೆಯಾಗುತ್ತದೆ. ಸರ್ಕಾರ ಕೊಟ್ಟದ್ದು ಹೌದು, ವಿದ್ಯಾರ್ಥಿಗೆ ಮುಟ್ಟಿದ್ದೂ ಹೌದು, ಬಡ್ಡಿ ಮಾತ್ರ ಯಾರ ಲೆಕ್ಕದಲ್ಲಿಯೂ ಕಾಣುವುದಿಲ್ಲ.

ಈ ಸುತ್ತನ್ನು ಬಿಡಿಸುವ ಉಪಾಯ ನಿಯಮದಲ್ಲೇ ಇದೆ ಎಂಬುದನ್ನು ಸಚಿವರು ಬಲ್ಲರು. ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನದ 2021ರ ಮಾರ್ಗಸೂಚಿಗಳಲ್ಲಿ ಫ್ರೀಶಿಪ್ ಕಾರ್ಡ್ ಎಂಬ ಪತ್ರದ ಪ್ರಸ್ತಾಪವಿದೆ. ಅರ್ಹ ವಿದ್ಯಾರ್ಥಿ ಅದನ್ನು ತೋರಿಸಿದರೆ ಮುಂಗಡ ಶುಲ್ಕವಿಲ್ಲದೆ ಪ್ರವೇಶ ಕೊಡಬೇಕು, ವಿದ್ಯಾರ್ಥಿವೇತನ ಕೈಸೇರಿದ ಮೇಲೆ ಅವನು ಸಂಸ್ಥೆಗೆ ಪಾವತಿ ಮಾಡಬೇಕು ಎಂಬುದು ಅದರ ತಾತ್ಪರ್ಯ. ಒಂದು ವರ್ಗಕ್ಕೆ ಒಪ್ಪಿದ ಈ ತತ್ವವನ್ನು ರಾಜ್ಯದ ವಿದ್ಯಾರ್ಥಿವೇತನಕ್ಕೆ ಅರ್ಹರಾದ ಎಲ್ಲರಿಗೂ ವಿಸ್ತರಿಸಲು ಸರ್ಕಾರದ ಆದೇಶವೊಂದು ಸಾಕು. ಇಂಗ್ಲೆಂಡಿನಲ್ಲಿ ವಿದ್ಯಾರ್ಥಿಯ ಬೋಧನಾ ಶುಲ್ಕದ ಸಾಲವನ್ನು ಸರ್ಕಾರಿ ಸಂಸ್ಥೆಯು ನೇರವಾಗಿ ವಿಶ್ವವಿದ್ಯಾಲಯಕ್ಕೆ ವರ್ಷದಲ್ಲಿ ಮೂರು ಕಂತುಗಳಾಗಿ, ಶೇಕಡ 25, 25 ಮತ್ತು 50ರಂತೆ ಪಾವತಿಸುತ್ತದೆ. ಅಲ್ಲಿನ ಶುಲ್ಕ ಇಲ್ಲಿಗೆ ಹೋಲಿಸಲಾರದಷ್ಟು ಭಾರವಾದದ್ದು ನಿಜ, ಆದರೆ ದೊಡ್ಡ ವಿಶ್ವವಿದ್ಯಾಲಯಗಳೂ ವರ್ಷದ ಹಣದ ಅರ್ಧಭಾಗಕ್ಕಾಗಿ ಕೊನೆಯ ಕಂತಿನವರೆಗೆ ಕಾಯಬಲ್ಲವೆಂಬುದಕ್ಕೆ ಅದು ಸಾಕ್ಷಿ.

ವಸತಿಯ ಮಾತು ಇನ್ನೂ ಸಿಕ್ಕಾದದ್ದು. ತಿಕೋಟಾ ಮತ್ತು ಬಬಲೇಶ್ವರ ನಗರಕ್ಕೆ ಬಹಳ ದೂರದ ಊರುಗಳಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ತಿಕೋಟಾದ ವಿದ್ಯಾರ್ಥಿನಿ ಅಥಣಿ ರಸ್ತೆಯ ತೊರವಿಯಲ್ಲಿರುವ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಕ್ಕೆ ಟಿಕೆಟ್ಟಿನ ಹಣವಿಲ್ಲದೆ ಹೋಗಿಬರಬಹುದು. ನಗರದಲ್ಲಿ ರೂಮು ಮಾಡಿಕೊಂಡವರಿಗೂ ಊರಿನಿಂದ ಬಸ್ಸಿಗೆ ಬುತ್ತಿ ಕೊಟ್ಟು ಕಳಿಸುವ ಪದ್ಧತಿ ಈ ಕಡೆ ಹಳೆಯದು, ರೊಟ್ಟಿಗೆ ಪ್ರತ್ಯೇಕ ಖರ್ಚಿಲ್ಲದಿದ್ದರೆ ರೂಮಿನ ಬಾಡಿಗೆಯೊಂದನ್ನು ಹೇಗೋ ತೂಗಿಸಬಹುದು. ಆದರೆ ಬಸ್ಸು ವೇಳೆಗೆ ಸಿಗದ ಒಳಹಳ್ಳಿಗಳ ಮಕ್ಕಳಿಗೆ, ಸಂಜೆಯ ಪ್ರಾಯೋಗಿಕ ತರಗತಿ ಇರುವವರಿಗೆ ನಗರದಲ್ಲಿ ಇರುವುದು ಅನಿವಾರ್ಯ. ಇಲ್ಲಿಯೂ ತೊಂದರೆಯ ಬೇರು ತಿಂಗಳಿನಲ್ಲಿದೆ. ಕಾಲೇಜಿನ ಪ್ರವೇಶ ಮೊದಲು, ಮೆಟ್ರಿಕ್ ನಂತರದ ಸರ್ಕಾರಿ ಹಾಸ್ಟೆಲಿನ ಆಯ್ಕೆ ಪಟ್ಟಿ ಆಮೇಲೆ. ನಡುವಿನ ವಾರಗಳಲ್ಲಿ ವಿದ್ಯಾರ್ಥಿ ಡಿಪಾಜಿಟ್ ಕೊಟ್ಟು ರೂಮು ಹಿಡಿಯುತ್ತಾನೆ, ಪಟ್ಟಿಯಲ್ಲಿ ಹೆಸರು ಬಂದರೆ ಡಿಪಾಜಿಟ್ ಮರಳಿ ಬರುವ ಖಾತರಿಯಿಲ್ಲ, ಬರದಿದ್ದರೆ ಖಾನಾವಳಿಯ ತಿಂಗಳ ಲೆಕ್ಕ ಶುರುವಾಗುತ್ತದೆ. ಪರಿಶಿಷ್ಟ ಜಾತಿಯ ವಿದ್ಯಾರ್ಥಿವೇತನದಲ್ಲಿ ಸಾಮಾನ್ಯ ಪದವಿಯ ಹಾಸ್ಟೆಲ್‌ವಾಸಿಗೆ ನಿಗದಿಯಾದ ಶೈಕ್ಷಣಿಕ ಭತ್ಯೆ ವರ್ಷಕ್ಕೆ 6,000 ರೂಪಾಯಿ, ಅಂದರೆ ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 600. ಈ ಮೊತ್ತದಲ್ಲಿ ಖಾನಾವಳಿಯ ಊಟ ಎಷ್ಟು ದಿನ ನಡೆದೀತೆಂಬುದನ್ನು ಗಾಂಧಿ ಚೌಕದ ಯಾವ ಖಾನಾವಳಿಯವನೂ ನಿಂತಲ್ಲೇ ಹೇಳಿಯಾನು. ಹಾಸ್ಟೆಲ್ ಪಟ್ಟಿಯನ್ನು ಪ್ರವೇಶದ ಕೊನೆಯ ದಿನಾಂಕಕ್ಕಿಂತ ಮೊದಲು ಪ್ರಕಟಿಸುವುದಕ್ಕೆ ಹೊಸ ಅನುದಾನವೇನೂ ಬೇಕಿಲ್ಲ, ಉನ್ನತ ಶಿಕ್ಷಣ ಇಲಾಖೆ ಮತ್ತು ಕಲ್ಯಾಣ ಇಲಾಖೆಗಳು ಒಂದೇ ಕ್ಯಾಲೆಂಡರನ್ನು ನೋಡಿದರಾಯಿತು.

ಕಾಲೇಜುಗಳ ಪಕ್ಷದಲ್ಲಿಯೂ ನ್ಯಾಯವಿದೆ. ಅನುದಾನವಿಲ್ಲದ ಖಾಸಗಿ ಕಾಲೇಜು ತನ್ನ ಉಪನ್ಯಾಸಕರಿಗೆ ಪಗಾರ ಕೊಡುವುದು ಜುಲೈ ಆಗಸ್ಟ್‌ನಲ್ಲಿ ಬಂದ ಹಣದಿಂದಲೇ. ಶುಲ್ಕ ಜನವರಿಗೆ ಸರಿದರೆ ಅತಿಥಿ ಉಪನ್ಯಾಸಕರ ಅಡುಗೆಮನೆಯಲ್ಲಿ ಅದರ ಬಿಸಿ ತಟ್ಟುತ್ತದೆ. ಕಂತು ಕೊಟ್ಟರೆ ಕೊನೆಯ ಕಂತು ಬಾರದೇ ಹೋಗಬಹುದೆಂಬ ಭಯವೂ ಸುಳ್ಳಲ್ಲ, ಪರೀಕ್ಷೆಯ ಪ್ರವೇಶ ಪತ್ರವನ್ನು ಬಾಕಿ ಶುಲ್ಕಕ್ಕೆ ತಡೆಹಿಡಿಯುವ ರೂಢಿ ಹುಟ್ಟಿದ್ದು ಆ ಭಯದಿಂದಲೇ. ಆದ್ದರಿಂದ ಹೊರೆಯನ್ನು ರೈತನ ಹೆಗಲಿನಿಂದ ಇಳಿಸಿ ಕಾಲೇಜಿನ ಹೆಗಲಿಗೆ ಏರಿಸುವ ಆದೇಶ ನಿಲ್ಲಲಾರದು. ನಡುವೆ ನಿಲ್ಲಬಲ್ಲದ್ದು ಸರ್ಕಾರವೊಂದೇ: ತಾನು ಹೇಗಿದ್ದರೂ ವರ್ಷದ ಕೊನೆಗೆ ಕೊಡಲಿರುವ ವಿದ್ಯಾರ್ಥಿವೇತನದ ಒಂದು ಭಾಗವನ್ನು ಆವರ್ತ ನಿಧಿಯಾಗಿ, ಅಂದರೆ ಕೊಟ್ಟು ಮರಳಿ ಪಡೆದು ಮತ್ತೆ ಕೊಡುವ ನಿಧಿಯಾಗಿ, ಆಗಸ್ಟ್‌ನಲ್ಲಿಯೇ ಕಾಲೇಜುಗಳಿಗೆ ಬಿಡುಗಡೆ ಮಾಡಿ, ಸುಗ್ಗಿಯ ನಂತರ ಸರಿದೂಗಿಸಿಕೊಳ್ಳಬಹುದು. ವಿಶ್ವವಿದ್ಯಾಲಯ ಅನುದಾನ ಆಯೋಗ ಈಗಾಗಲೇ ಒಂದು ಸೆಮಿಸ್ಟರ್ ಅಥವಾ ಒಂದು ವರ್ಷಕ್ಕಿಂತ ಹೆಚ್ಚಿನ ಶುಲ್ಕವನ್ನು ಮುಂಗಡವಾಗಿ ಪಡೆಯಬಾರದೆಂದು ಹೇಳಿದೆ. ಸೆಮಿಸ್ಟರ್‌ವಾರು ವಸೂಲಿಯನ್ನು ಕಡ್ಡಾಯ ಮಾಡಿದರೂ ಎರಡನೆಯ ಕಂತು ತೊಗರಿಯ ಹಣದ ಹತ್ತಿರಕ್ಕೆ ಬರುತ್ತದೆ. ಪ್ರವೇಶದ ದಿನ ನೋಂದಣಿಯ ಮೊತ್ತ, ತೊಗರಿಯ ರಾಶಿಯ ನಂತರ ಒಂದು ಕಂತು, ಜೋಳ, ಕಬ್ಬಿನ ಹಣ ಬರುವ ಮಾರ್ಚ್ ಕೊನೆಗೆ ಉಳಿದದ್ದು, ಮತ್ತು ಅಲ್ಲಿಯವರೆಗೆ ಪ್ರವೇಶ ಪತ್ರಕ್ಕೆ ತಡೆಯಿಲ್ಲ ಎಂಬ ಏರ್ಪಾಟನ್ನು ರಾಣಿ ಚನ್ನಮ್ಮ ಮತ್ತು ಅಕ್ಕಮಹಾದೇವಿ ವಿಶ್ವವಿದ್ಯಾಲಯಗಳ ವ್ಯಾಪ್ತಿಯ ವಿಜಯಪುರ ಜಿಲ್ಲೆಯ ಕಾಲೇಜುಗಳಲ್ಲಿ ಒಂದು ವರ್ಷ ನಡೆಸಿ ನೋಡಲು ಸಚಿವರು ಸಮಕುಲಾಧಿಪತಿಗಳಾಗಿ ಸೂಚನೆ ಕೊಡಬಹುದು.

ಮುಂದಿನ ವರ್ಷದ ಶೈಕ್ಷಣಿಕ ವೇಳಾಪಟ್ಟಿಯ ಕರಡು ಸಚಿವರ ಮುಂದೆ ಬಂದಾಗ ಅದರಲ್ಲಿ ಎಂದಿನಂತೆ ಶುಲ್ಕ ಪಾವತಿಗೆ ದಂಡವಿಲ್ಲದೆ ಒಂದು ಕೊನೆಯ ದಿನಾಂಕ, ದಂಡದೊಂದಿಗೆ ಒಂದು, ವಿಶೇಷ ದಂಡದೊಂದಿಗೆ ಇನ್ನೊಂದು ಇರಬಹುದು. ಸಹಿ ಮಾಡುವ ಮೊದಲು ವಿಜಯಪುರದ ಕೃಷಿ ಮಾರುಕಟ್ಟೆಗೆ ತೊಗರಿಯ ಮೊದಲ ಚೀಲ ಯಾವ ವಾರ ಬರುತ್ತದೆ ಎಂದು ಒಮ್ಮೆ ವಿಚಾರಿಸಿ, ಆ ಮೂರು ದಿನಾಂಕಗಳ ಪಕ್ಕದಲ್ಲಿ ಬರೆದು ನೋಡಬೇಕೆಂದು ವಿನಂತಿ.

ಗೌರವಗಳೊಂದಿಗೆ,
ವಿಜಯಪುರದಿಂದ