ಕಾಳು ಆಯುವ ಹಕ್ಕು

ಮಾಲಗಾಂವದಂತಹ ಗಡಿಯೂರಿನಲ್ಲಿ ಮೊರದ ಮುಂದೆ ಕುಳಿತವರು ಕನ್ನಡದಲ್ಲಿ ಕಾಳು ‘ಆಯುತ್ತಾರೆ’; ಮರಾಠಿಯಲ್ಲಿ ಅದೇ ಕೆಲಸ ‘ನಿವಡಣೇ’. ಮೊದಲನೆಯ ಧಾತುವಿನಿಂದ ‘ಆಯ್ಕೆ’ ಹುಟ್ಟಿತು, ಎರಡನೆಯದರಿಂದ ಚುನಾವಣೆ ಎಂಬರ್ಥದ ‘ನಿವಡಣೂಕ’. ಅಡುಗೆಗೆ ಮುನ್ನ ಕಾಳಿನಿಂದ ಕಲ್ಲನ್ನು ಬೇರ್ಪಡಿಸಬೇಕೆಂಬ ವಿವೇಕ ಎರಡೂ ನುಡಿಗಳಲ್ಲಿದೆ. ಭಾರತದ ಮತದಾರನ ಪಾಲಿಗೆ ಇಲ್ಲದಿರುವುದು ಈ ಮೊದಲ ಹಂತವೇ. ಅಭ್ಯರ್ಥಿಗಳನ್ನು ಅನ್ಯರು ಆಯುತ್ತಾರೆ. ಉಳಿದವರಲ್ಲಿ ಒಬ್ಬನನ್ನು ಆತ ಒಪ್ಪಬೇಕು.

ಅಮೆರಿಕದಲ್ಲಿ ಆ ಹಂತದ ಹೆಸರು ‘ಪ್ರೈಮರಿ’. ಅಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿ ಯಾರಾಗಬೇಕೆಂಬುದನ್ನು ಸಾಮಾನ್ಯ ಮತದಾರರು ರಾಜ್ಯವಾರು ಮತ ನೀಡಿ ತಿಳಿಸುತ್ತಾರೆ. ಪ್ರತಿ ರಾಜ್ಯದ ಫಲಿತಾಂಶವೂ ಬೇರೆಯಾಗಿ ಪ್ರಕಟವಾಗುತ್ತದೆ. 1968ರ ಮಾರ್ಚ್ 12ರಂದು ನ್ಯೂ ಹ್ಯಾಂಪ್‌ಶೈರ್ ಎಂಬ ಪುಟ್ಟ ರಾಜ್ಯದಲ್ಲಿ ಹಾಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಹೆಚ್ಚು ಮತ ಪಡೆದರು. ಆದರೆ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದ ಯೂಜೀನ್ ಮೆಕಾರ್ಥಿ ಅವರಿಗೆ ನೂರಕ್ಕೆ ಸುಮಾರು 42 ಮತಗಳು ಬಂದವು. ಮಾರ್ಚ್ 31ರಂದು ಜಾನ್ಸನ್ ಸ್ಪರ್ಧೆಯಿಂದಲೇ ಹಿಂದೆ ಸರಿದರು. ಸೋತವನ ಮತವೂ ಇಂತಲ್ಲಿಂದ ಬಂದದ್ದೆಂದು ತಿಳಿದರೆ ಅದಕ್ಕೆ ಬಲ ಬರುತ್ತದೆ.

2022ರ ಅಕ್ಟೋಬರ್ 17ರಂದು ಕಾಂಗ್ರೆಸ್ ತನ್ನ ಅಧ್ಯಕ್ಷರನ್ನು ಮತದಾನದಿಂದ ಆರಿಸಿತು. ಕಲಬುರಗಿ ನೆಲದ ಮಲ್ಲಿಕಾರ್ಜುನ ಖರ್ಗೆ 7,897 ಮತ ಪಡೆದು ಗೆದ್ದರು; ಶಶಿ ತರೂರ್ ಅವರಿಗೆ 1,072 ಮತಗಳು ದೊರೆತವು. ಮತದಾನ ರಾಜ್ಯಗಳಲ್ಲಿ ನಡೆದರೂ ಎಣಿಕೆಗೆ ಮುನ್ನ ಎಲ್ಲ ರಾಜ್ಯಗಳ ಮತಪತ್ರಗಳನ್ನು ಒಟ್ಟಿಗೆ ಬೆರೆಸಲಾಯಿತು. ಮತ ನೀಡಿದವನಿಗೆ ಹಗೆತನದ ಭಯ ಇರಬಾರದೆಂಬ ಉದ್ದೇಶ ಸರಿಯಾದದ್ದೇ. ಆದರೆ ಅಂಥ ಕಾವಲು ಬೇಕಾಯಿತೆಂಬುದೇ ಪಕ್ಷಗಳೊಳಗಿನ ಭಯಕ್ಕೆ ಸಾಕ್ಷಿ. ಯಾವ ರಾಜ್ಯ ಏನು ನುಡಿಯಿತೆಂಬುದು ಆ ರಾಶಿಯಲ್ಲಿ ಕರಗಿಹೋಯಿತು. ಅಷ್ಟಕ್ಕೂ ಮತದಾರರು ಸುಮಾರು ಒಂಬತ್ತು ಸಾವಿರ ಪ್ರತಿನಿಧಿಗಳು ಮಾತ್ರ. ಸಾಮಾನ್ಯ ಕಾರ್ಯಕರ್ತನಿಗೆ ಮತವಿರಲಿಲ್ಲ.

ಈ ಕೊರತೆಯ ಫಲವನ್ನು ಸಾಂಗಲಿ ಲೋಕಸಭಾ ಕ್ಷೇತ್ರ 2024ರಲ್ಲಿ ಕಂಡಿತು. ಸ್ಥಳೀಯ ಕಾಂಗ್ರೆಸ್ ಕಾರ್ಯಕರ್ತರ ಅಪೇಕ್ಷೆಯನ್ನು ಮೀರಿ ಮೈತ್ರಿಕೂಟದ ಟಿಕೆಟ್ ಉದ್ಧವ್ ಠಾಕ್ರೆ ಬಣದ ಶಿವಸೇನೆಗೆ ಹೋಯಿತು. ಪಕ್ಷೇತರರಾಗಿ ನಿಂತ ವಿಶಾಲ ಪಾಟೀಲ ಸುಮಾರು ಒಂದು ಲಕ್ಷ ಮತಗಳ ಅಂತರದಿಂದ ಗೆದ್ದರು. ಮೈತ್ರಿಕೂಟದ ಅಭ್ಯರ್ಥಿ ಮೂರನೆಯ ಸ್ಥಾನಕ್ಕಿಳಿದರು. ಮೊದಲು ಕೇಳದೇ ಬಿಟ್ಟ ಪ್ರಶ್ನೆಗೆ ಜನರು ಕೊನೆಯಲ್ಲಿ ಉತ್ತರಿಸಿದರು.

ಪ್ರೈಮರಿಯೂ ನಿರ್ದೋಷವಲ್ಲ, ಅಲ್ಲಿ ಹಣ ಪ್ರಬಲ. 2014ರಲ್ಲಿ ಕಾಂಗ್ರೆಸ್ ಬೆಂಗಳೂರು ಉತ್ತರ, ದಕ್ಷಿಣ ಕನ್ನಡ ಮೊದಲಾದ ಕೆಲವು ಕ್ಷೇತ್ರಗಳಲ್ಲಿ ಇಂಥ ಪ್ರಯೋಗ ಮಾಡಿತ್ತು. ಈ ಎರಡೂ ಕಡೆ ಹಾಗೆ ಆಯ್ಕೆಯಾದವರು ಚುನಾವಣೆಯಲ್ಲಿ ಸೋತರು. ಆದರೆ ಒಂದು ಸೋಲು ಪದ್ಧತಿಯನ್ನು ಕೈಬಿಡಲು ಕಾರಣವಾಗಲಾರದು. ಪ್ರತಿ ಪಕ್ಷವೂ ತಾಲೂಕುವಾರು ಸದಸ್ಯರ ಮತ ಪಡೆದು, ಎಣಿಕೆಯನ್ನು ಪ್ರಕಟಿಸಲಿ. ಮತದಾರನ ಹೆಸರು ಗುಪ್ತವಾಗಿರಲಿ. ಊರಿನ ಮಾತು ಗುಪ್ತವಾಗದಿರಲಿ. ಬಡಿಸಿದ್ದನ್ನು ಉಣ್ಣುವವರ ಕೈಗೆ ಮೊರವೂ ಬರಬೇಕು.